ಹೊರಗಿನ ವಕೀಲರು, ಅವರ ಫೀ, ಅವರ ಬಿಲ್: ಕಂಪನಿ ಲೀಗಲ್ ಟೀಮ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಕಂಪನಿಗಳಲ್ಲಿ ಇಬ್ಬರು ಮೂವರೇ ಇರುವ ಲೀಗಲ್ ಟೀಮ್‌ಗಳನ್ನು ಗಮನದಲ್ಲಿಟ್ಟು ಬರೆದ ಪುಟ ಇದು. ಅಲ್ಲಲ್ಲಿ ಬರುವ ಫೀ ಮೊತ್ತಗಳು ಲೆಕ್ಕ ತೋರಿಸಲು ಹಾಕಿದವು, ಮಾರುಕಟ್ಟೆಯ ದರ ಎಂದುಕೊಳ್ಳಬೇಡಿ.

ನಮ್ಮಲ್ಲೇ ಎಲ್‌ಎಲ್‌ಬಿ ಓದಿದವರಿದ್ದಾರೆ. ಕೋರ್ಟಿಗೆ ಅವರನ್ನೇ ಕಳಿಸಬಾರದೇಕೆ?

ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ ಪೂರ್ಣಾವಧಿ ಸಂಬಳದ ನೌಕರರು ವಕೀಲಿಕೆ ನಡೆಸುವಂತಿಲ್ಲ. ನೌಕರಿಗೆ ಸೇರುವಾಗ ವಕೀಲಿಕೆಯ ಪರವಾನಗಿಯಾದ ಸನ್ನದನ್ನು ಅಮಾನತಿನಲ್ಲಿ ಇಡಬೇಕು. ಹಾಗಾಗಿ ವಕಾಲತ್ತು, ಅಂದರೆ ಕೋರ್ಟಿನಲ್ಲಿ ಕಂಪನಿಯ ಪರ ನಿಲ್ಲುವ ಅಧಿಕಾರಪತ್ರ, ಹೊರಗಿನ ವಕೀಲರ ಹೆಸರಿನಲ್ಲೇ ಇರಬೇಕಾಗುತ್ತದೆ.

ಇನ್ನೊಂದು ಕಾರಣವೂ ಇದೆ, ಹೆಚ್ಚಿನವರು ಅದನ್ನು ತಡವಾಗಿ ಅರಿಯುತ್ತಾರೆ. ಕಕ್ಷಿದಾರ ವಕೀಲರೊಂದಿಗೆ ಆಡಿದ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿ ಗೋಪ್ಯತೆಯ ರಕ್ಷಣೆ ಇದೆ. ಕಂಪನಿಯ ಸಂಬಳದಲ್ಲಿರುವ (ಇನ್‌ಹೌಸ್) ವಕೀಲರಿಗೆ ಈ ಕಲಮಿನ ರಕ್ಷಣೆ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರ ತೀರ್ಪಿನಲ್ಲಿ ಹೇಳಿದೆ. ಆಂತರಿಕ ತನಿಖೆ, ವಂಚನೆ ದೂರು, ದಾಳಿಯಂಥ ಸೂಕ್ಷ್ಮ ವಿಷಯ ಬಂದರೆ ಮೊದಲ ದಿನವೇ ಹೊರಗಿನ ವಕೀಲರನ್ನು ನೇಮಿಸಿ, ಅಭಿಪ್ರಾಯವನ್ನು ಅವರಿಂದಲೇ ಬರೆಸಿಕೊಳ್ಳಿ. "ಮೊದಲು ನಾವೇ ಒಂದು ನೋಟ್ ಮಾಡಿಕೊಳ್ಳೋಣ" ಎಂದು ಹತ್ತು ಜನರಿಗೆ ಇಮೇಲ್ ಕಳಿಸಿದರೆ, ಮುಂದೆ ಆ ನೋಟೇ ಎದುರಾಳಿಯ ಕೈಗೆ ಸಿಗಬಹುದು.

ಎಷ್ಟು ಫರ್ಮ್‌ಗಳ ಜೊತೆ ಕೆಲಸ ಮಾಡಿದರೆ ಸರಿ?

ಅಮೆರಿಕದ ಡುಪಾಂಟ್ ಕಂಪನಿ 1990ರ ದಶಕದಲ್ಲಿ ಮುನ್ನೂರಕ್ಕೂ ಹೆಚ್ಚಿದ್ದ ತನ್ನ ಲಾ ಫರ್ಮ್‌ಗಳನ್ನು 40ರ ಆಸುಪಾಸಿಗೆ ಇಳಿಸಿತು. ಕೆಲಸ ಕೆಲವರಲ್ಲೇ ಸೇರಿದರೆ ದರದಲ್ಲಿ ಚೌಕಾಸಿ ಮಾಡಬಹುದು, ಕಂಪನಿಯ ವ್ಯವಹಾರವನ್ನು ಪ್ರತಿ ಸಲ ಹೊಸದಾಗಿ ವಿವರಿಸಬೇಕಾಗಿಲ್ಲ ಎಂಬುದು ಅದರ ತರ್ಕ. ಇಲ್ಲಿಯ ಮಧ್ಯಮ ಗಾತ್ರದ ಕಂಪನಿಗೆ ದೊಡ್ಡ ಒಪ್ಪಂದ ಮತ್ತು ಹೂಡಿಕೆಗೆ ಒಂದು ಫರ್ಮ್, ವ್ಯಾಜ್ಯಕ್ಕೆ ಎರಡು, ಕಾರ್ಮಿಕ ವಿಷಯಕ್ಕೆ ಒಬ್ಬರು, ತೆರಿಗೆಗೆ ಒಬ್ಬರು ಸಾಕು.

ಆದರೆ ಊರಿನ ಲೆಕ್ಕ ಬೇರೆ. ಹೈಕೋರ್ಟಿಗೆ ಬೆಂಗಳೂರಲ್ಲದೆ ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ಕಂಪನಿ ವ್ಯಾಜ್ಯ ನೋಡುವ ನ್ಯಾಯಮಂಡಳಿ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠದ ಆದೇಶದ ಮೇಲ್ಮನವಿ, ಅದರ ಮೇಲಿನ ಮಂಡಳಿಯಾದ ಎನ್‌ಸಿಎಲ್‌ಎಟಿಯ ಚೆನ್ನೈ ಪೀಠಕ್ಕೆ ಹೋಗುತ್ತದೆ. ಬೆಳಗಾವಿಯ ಚೆಕ್ ಬೌನ್ಸ್ ಕೇಸಿಗೆ ಬೆಂಗಳೂರಿನ ಫರ್ಮ್‌ನ ಅಸೋಸಿಯೇಟ್ ಓಡಾಡಿದರೆ ಪ್ರಯಾಣದ ಖರ್ಚೇ ಫೀಯನ್ನು ಮೀರುತ್ತದೆ. ಅಲ್ಲಿನ ವಕೀಲರನ್ನು ನೇರವಾಗಿ ಹಿಡಿಯಿರಿ, ವಕಾಲತ್ತು ಅವರದ್ದೇ ಇರಲಿ. ದೊಡ್ಡ ಫರ್ಮ್ ಮೂಲಕ ಸ್ಥಳೀಯ ವಕೀಲರನ್ನು ಇಟ್ಟರೆ ಎರಡು ಫೀ ಬೀಳುತ್ತದೆ, ಸುದ್ದಿ ಬರುವುದೂ ಒಂದು ದಿನ ತಡ.

ಫೀ ಯಾವ ಬಗೆಯಲ್ಲಿ ಗೊತ್ತುಪಡಿಸುವುದು ಒಳ್ಳೆಯದು?

ಕೆಲಸ ಎಷ್ಟಾಗುತ್ತದೆ ಎಂದು ಮೊದಲೇ ತಿಳಿದಿದ್ದರೆ ಇಡಿಗಂಟು. ಬಾಡಿಗೆ ಕರಾರು, ಲೀಗಲ್ ನೋಟಿಸ್, ಟ್ರೇಡ್‌ಮಾರ್ಕ್ ಅರ್ಜಿ, ಚೆಕ್ ಬೌನ್ಸ್ ದೂರು ಇಂಥವು. ಎದುರು ಪಕ್ಷ ಹೇಗೆ ಎಳೆದಾಡುತ್ತದೋ ಗೊತ್ತಿಲ್ಲದ ಮಾತುಕತೆಗಳಿಗೆ ಗಂಟೆಯ ಲೆಕ್ಕ, ಆದರೆ ಮೇಲ್ಮಿತಿಯೊಂದಿಗೆ. ದಿನವೂ ಒಂದೆರಡು ಫೋನ್ ಕರೆ ಇದ್ದೇ ಇರುವಲ್ಲಿ ತಿಂಗಳ ರಿಟೈನರ್, ಅಂದರೆ ತಿಂಗಳಿಗಿಷ್ಟು ಎಂಬ ನಿಗದಿತ ಫೀ. ರಿಟೈನರ್‌ನಲ್ಲಿ ಎಷ್ಟು ಗಂಟೆ ಸೇರಿದೆ, ಉಳಿದ ಗಂಟೆ ಮುಂದಿನ ತಿಂಗಳಿಗೆ ಹೋಗುತ್ತದೆಯೇ ಎಂದು ಬರೆಯದಿದ್ದರೆ ಅದು ಸುಮ್ಮನೆ ಕಟ್ಟುವ ಕಪ್ಪವಾಗುತ್ತದೆ.

ಕೋರ್ಟ್ ಕೇಸಿನಲ್ಲಿ ಹಂತಕ್ಕಿಷ್ಟು ಮತ್ತು ಹಾಜರಾತಿಗಿಷ್ಟು ಎಂದು ಒಪ್ಪಿಕೊಳ್ಳುವುದು ನಮ್ಮ ಕಡೆಯ ರೂಢಿ. ಇಲ್ಲಿ ಒಂದೇ ಒಂದು ಸಾಲು ಲಕ್ಷಗಟ್ಟಲೆ ಉಳಿಸುತ್ತದೆ: ಕೇಸು ನಿಜವಾಗಿ ನಡೆದ ದಿನಕ್ಕೆ ಒಂದು ದರ, ಬರೀ ಮುಂದಕ್ಕೆ ಹೋದ ದಿನಕ್ಕೆ ಇನ್ನೊಂದು. 30 ಡೇಟ್ ಬೀಳುವ ಕೇಸು ಎಂದಿಟ್ಟುಕೊಳ್ಳಿ. ಪ್ರತಿ ಹಾಜರಾತಿಗೆ 15,000 ಎಂದು ಬರೆದರೆ 4,50,000 ಆಯಿತು. ಅದೇ ಕೇಸಿನಲ್ಲಿ 12 ದಿನ ಮಾತ್ರ ವಾದವೋ ಸಾಕ್ಷಿಯೋ ನಡೆದು, ಉಳಿದ 18 ದಿನ ಮುಂದಕ್ಕೆ ಹೋಗಿ, ಅದಕ್ಕೆ 4,000 ಎಂದಿದ್ದರೆ ಒಟ್ಟು 2,52,000. ವಕೀಲರಿಗೂ ಇದರಲ್ಲಿ ಅನ್ಯಾಯವಿಲ್ಲ, ಅಂಥ ದಿನ ಜೂನಿಯರ್ ಹೋಗಿ ಡೇಟ್ ತೆಗೆದುಕೊಂಡು ಬರುತ್ತಾರೆ. ಸಮಯ ಕೇಳಿದ್ದು ಯಾರು ಎಂಬುದೂ ಮುಖ್ಯ. ನಮ್ಮ ವಕೀಲರೇ ತಮ್ಮ ಅನುಕೂಲಕ್ಕೆ ಸಮಯ ಕೇಳಿದ್ದರೆ ಆ ದಿನಕ್ಕೆ ಫೀ ಇಲ್ಲ ಎಂದು ಸೇರಿಸಿ.

ಗೆದ್ದರೆ ಇಷ್ಟು ಶೇಕಡಾ ಕೊಡುತ್ತೇವೆ ಎನ್ನಬಹುದೇ?

ಇಲ್ಲ. ವಕೀಲರ ಪರಿಷತ್ತಿನ 20ನೇ ನಿಯಮ ವ್ಯಾಜ್ಯದ ಫಲಿತಾಂಶಕ್ಕೆ ಫೀ ಕಟ್ಟುವುದನ್ನೂ ಬಂದ ಹಣದಲ್ಲಿ ಪಾಲು ಪಡೆಯುವುದನ್ನೂ ನಿಷೇಧಿಸಿದೆ. ವಿದೇಶಿ ಮಾತೃಸಂಸ್ಥೆಯವರು ಇದನ್ನು ಅಲ್ಲಿನ ರೂಢಿಯಂತೆ ಕೇಳುತ್ತಾರೆ. ನಿಯಮದ ಪ್ರತಿ ಕಳಿಸಿ ಮುಗಿಸಿ.

ಎಂಗೇಜ್‌ಮೆಂಟ್ ಲೆಟರ್‌ನಲ್ಲಿ ಏನೇನು ಇರಲೇಬೇಕು?

ಫರ್ಮ್ ಕಳಿಸಿದ, ಕೆಲಸದ ಷರತ್ತುಗಳಿರುವ ನಾಲ್ಕು ಪುಟದ ಲೆಟರ್‌ಗೆ ಸಹಿ ಹಾಕಿ ಇಟ್ಟುಬಿಡುವುದು ಎಲ್ಲ ಕಡೆ ನಡೆಯುತ್ತದೆ. ಅದರಲ್ಲಿ ಫರ್ಮ್‌ಗೆ ಬೇಕಾದದ್ದಿರುತ್ತದೆ, ನಿಮಗೆ ಬೇಕಾದದ್ದನ್ನು ನೀವೇ ಸೇರಿಸಬೇಕು. ಕೆಲಸದ ವ್ಯಾಪ್ತಿಯ ಜೊತೆ ವ್ಯಾಪ್ತಿಯಲ್ಲಿ ಏನಿಲ್ಲ ಎಂಬುದನ್ನೂ ಬರೆಯಿರಿ. "ದಾವೆ ಹೂಡುವುದು" ಎಂದಷ್ಟೇ ಇದ್ದರೆ ಮಧ್ಯಂತರ ಅರ್ಜಿ ಅದರಲ್ಲೇ ಬಂತೋ ಬೇರೆಯೋ ಎಂಬ ಜಗಳ ಆರು ತಿಂಗಳಲ್ಲಿ ಬರುತ್ತದೆ. ಯಾರು ಕೆಲಸ ಮಾಡುತ್ತಾರೆ ಎಂದು ಹೆಸರು ಮತ್ತು ದರದೊಂದಿಗೆ ಇರಲಿ. ಮೊದಲ ಮೀಟಿಂಗಿಗೆ ಪಾರ್ಟ್ನರ್ ಬಂದು, ಆಮೇಲೆ ಎಲ್ಲವೂ ಹೊಸ ಅಸೋಸಿಯೇಟ್ ತಲೆಗೆ ಬೀಳುವುದು ತೀರಾ ಸಾಮಾನ್ಯ ದೂರು.

ಪ್ರಯಾಣ, ಜೆರಾಕ್ಸ್, ಕೊರಿಯರ್, ನೋಟರಿ ಖರ್ಚು ರಸೀದಿಯ ಪ್ರಕಾರ. ಒಂದು ಮಿತಿ ದಾಟಿದರೆ ಮೊದಲೇ ಇಮೇಲ್ ಒಪ್ಪಿಗೆ. ಪ್ರಯಾಣದ ಸಮಯಕ್ಕೆ ಪೂರ್ತಿ ದರವೋ ಅರ್ಧವೋ ಎಂಬುದು ಇರಲಿ. ನಮ್ಮ ವಿರುದ್ಧ ಈಗಾಗಲೇ ಯಾರ ಪರವಾದರೂ ಇದ್ದಾರೆಯೇ ಎಂದು ಲಿಖಿತವಾಗಿ ಕೇಳಿ. ಒಂದು ಪಕ್ಷಕ್ಕೆ ಸಲಹೆ ಕೊಟ್ಟವರು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲುವಂತಿಲ್ಲ ಎನ್ನುವುದು ವಕೀಲರ ಪರಿಷತ್ತಿನ 33ನೇ ನಿಯಮ.

ಅಡ್ವಾನ್ಸ್ ಕೊಡುವುದಿದ್ದರೆ ಅದು ಫೀಗೋ ಖರ್ಚಿಗೋ ಎಂದು ಬಿಡಿಸಿ ಬರೆಯಿರಿ. ಕೇಸು ನಡೆಯುತ್ತಿರುವಾಗ ಕಕ್ಷಿದಾರರ ಲಿಖಿತ ಒಪ್ಪಿಗೆಯಿಲ್ಲದೆ ಖರ್ಚಿನ ಹಣವನ್ನು ಫೀಗೆ ಜಮಾ ಮಾಡಿಕೊಳ್ಳುವಂತಿಲ್ಲ ಎಂದು 26ನೇ ನಿಯಮ ಹೇಳುತ್ತದೆ. ಕೋರ್ಟ್ ಫೀ ದೊಡ್ಡ ಮೊತ್ತ ಇರುವ ದಾವೆಗಳಲ್ಲಿ ಇದು ಮುಖ್ಯ.

ಸೀನಿಯರ್ ಅಡ್ವೊಕೇಟ್ ಇಟ್ಟಾಗ ಬಜೆಟ್ ಹಾರಿಹೋಗುತ್ತದೆ. ತಡೆಯುವುದು ಹೇಗೆ?

ಕೋರ್ಟಿನಿಂದ ಪದನಾಮ ಪಡೆದ ಸೀನಿಯರ್‌ಗಳು ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಸೂಚನೆ ಪಡೆಯುವಂತಿಲ್ಲ. ಸುಪ್ರೀಂ ಕೋರ್ಟಿನಲ್ಲಾದರೆ ನಡುವೆ ಅಡ್ವೊಕೇಟ್ ಆನ್ ರೆಕಾರ್ಡ್ (ಎಒಆರ್, ಅಲ್ಲಿ ಕೇಸು ದಾಖಲಿಸುವ ಅಧಿಕಾರವಿರುವ ವಕೀಲರು) ಬೇಕೇ ಬೇಕು. ಅಂದರೆ ಒಂದು ಹಿಯರಿಂಗಿಗೆ ಸೀನಿಯರ್ ಫೀ, ಬ್ರೀಫ್ ಮಾಡುವ ವಕೀಲರ ಫೀ, ದೆಹಲಿಯಾದರೆ ಎಒಆರ್ ಫೀ, ಅದರ ಮೇಲೆ ಕ್ಲರ್ಕೇಜ್ (ಗುಮಾಸ್ತರ ಹಣ), ಹಿಂದಿನ ದಿನದ ಕಾನ್ಫರೆನ್ಸ್ ಫೀ. ಹಿಯರಿಂಗ್ ಫೀ ಮಾತ್ರ ಕೇಳಿ ಮ್ಯಾನೇಜ್‌ಮೆಂಟಿಗೆ ಹೇಳಿದವರು ಆಮೇಲೆ ಮುಜುಗರಪಡುತ್ತಾರೆ.

ಕೇಳಬೇಕಾದ ಪ್ರಶ್ನೆಗಳು: ಕೇಸು ಕರೆಯದಿದ್ದರೆ ಫೀ ಎಷ್ಟು? ಎಷ್ಟು ಹೊತ್ತಿನೊಳಗೆ ಬೇಡವೆಂದರೆ ಫೀ ಬೀಳುವುದಿಲ್ಲ? ಒಂದೇ ದಿನ ಎರಡು ಸಂಬಂಧಿತ ಕೇಸು ಬಂದರೆ ಎರಡು ಫೀಯೇ? ಎಲ್ಲ ದಿನಕ್ಕೂ ಸೀನಿಯರ್ ಬೇಡ. ತಡೆಯಾಜ್ಞೆ ವಾದ, ಅಂತಿಮ ವಾದ, ತೊಡಕಿನ ಪಾಟೀಸವಾಲು, ಇವಕ್ಕೆ ಇಟ್ಟುಕೊಂಡು, ದಿನದ ಕೇಸುಗಳ ಪಟ್ಟಿಯಲ್ಲಿ 70ನೇ ಐಟಂ ಆಗಿ ಬಂದ ದಿನ ಕೇಸು ತಲುಪುವ ಸಾಧ್ಯತೆ ನೋಡಿ ನಿರ್ಧರಿಸಿ.

ಬಿಲ್ ಪರಿಶೀಲನೆ ನಿಜಕ್ಕೂ ಹೇಗೆ ಮಾಡಬೇಕು?

ಹಾಜರಾತಿ ಬಿಲ್ ಸುಲಭ. ಪ್ರತಿ ಕೇಸಿಗೂ 16 ಅಕ್ಷರಗಳ ಸಿಎನ್‌ಆರ್ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ತಾಣದಲ್ಲಿ ಅದನ್ನು ಹಾಕಿದರೆ ಡೇಟ್‌ಗಳ ಚರಿತ್ರೆ ಬರುತ್ತದೆ, ಹೈಕೋರ್ಟ್ ತಾಣದಲ್ಲಿ ದಿನದ ಆದೇಶಗಳೂ ಸಿಗುತ್ತವೆ. ಬಿಲ್‌ನ ಪ್ರತಿ ಡೇಟ್ ಎದುರು ಆರ್ಡರ್ ಶೀಟ್‌ನ ಸಾಲು ಇಟ್ಟು ನೋಡಿ. ನ್ಯಾಯಾಧೀಶರು ರಜೆಯಲ್ಲಿದ್ದ ದಿನಕ್ಕೆ "ವಾದ ಮಂಡನೆ" ಎಂಬ ಸಾಲು, ಎರಡು ಬಿಲ್‌ಗಳಲ್ಲಿ ಒಂದೇ ಡೇಟ್, ಸಂಬಂಧವೇ ಇಲ್ಲದ ಕೇಸಿನ ಡೇಟ್ ಇವೆಲ್ಲ ಹೀಗೆ ಸಿಕ್ಕಿಬೀಳುತ್ತವೆ. ಹೆಚ್ಚಿನವು ಮೋಸವಲ್ಲ, ಗುಮಾಸ್ತರ ಡೈರಿಯಿಂದ ನಕಲಾದ ತಪ್ಪು.

ಗಂಟೆಯ ಬಿಲ್‌ಗೆ ಹೆಚ್ಚು ಕಣ್ಣು ಬೇಕು. "ಮಾರ್ಚ್ 12: ದಾಖಲೆ ಓದಿದ್ದು, ತೀರ್ಪು ಹುಡುಕಿದ್ದು, ಕರಡು, ಕಕ್ಷಿದಾರರೊಂದಿಗೆ ಕರೆ, 7.5 ಗಂಟೆ." ಇಂಥ ಸಾಲಿನಲ್ಲಿ ಯಾವುದಕ್ಕೆ ಎಷ್ಟು ಹೊತ್ತು ಎಂದು ತಿಳಿಯದು, ಪ್ರಶ್ನೆ ಕೇಳಲೂ ಆಗದು. ಕೆಲಸಕ್ಕೊಂದು ಸಾಲು ಎಂಬ ಷರತ್ತು ಲೆಟರ್‌ನಲ್ಲೇ ಇರಬೇಕು. ಮುಂದಿನ ಸಾಲು: "ಕರೆ, 0.8 ಗಂಟೆ", ಮೂವರ ಹೆಸರಿನಲ್ಲಿ. ದರ 12,000, 7,000, 4,000 ಎಂದಾದರೆ ಆ 48 ನಿಮಿಷಕ್ಕೆ 18,400. ನಡುವಿನವರು ಆ ಕರೆಯಲ್ಲಿ ಬಾಯಿ ಬಿಟ್ಟಿರದಿದ್ದರೆ 5,600 ಕಡಿತ ಕೇಳುವುದು ನ್ಯಾಯವೇ.

ಇನ್ನು ಸಮಯದ ಕನಿಷ್ಠ ಘಟಕ. ಆರು ನಿಮಿಷ, ಅಂದರೆ 0.1 ಗಂಟೆ, ರೂಢಿಯಲ್ಲಿರುವ ಲೆಕ್ಕ. ಒಂದೊಂದು ಇಮೇಲಿಗೆ ಕನಿಷ್ಠ 0.3 ಹಾಕುವ ಫರ್ಮ್‌ಗಳೂ ಇವೆ. ತಿಂಗಳಿಗೆ 20 ಚಿಕ್ಕ ಇಮೇಲ್ ಎಂದರೆ 4,000ದ ದರದಲ್ಲಿ ಒಂದು ಕಡೆ 8,000, ಇನ್ನೊಂದು ಕಡೆ 24,000.

ಬಿಲ್ ಬಂದ ಹತ್ತು ದಿನದೊಳಗೆ ಆಕ್ಷೇಪ ಕಳಿಸಿ, ಒಪ್ಪಿದ ಭಾಗವನ್ನು ತಡೆಹಿಡಿಯದೆ ಪಾವತಿಸಿ. ಆಕ್ಷೇಪಿಸಿದ ಎರಡು ಸಾಲಿಗಾಗಿ ಇಡೀ ಬಿಲ್ ಮೂರು ತಿಂಗಳು ಕೂರಿಸಿದರೆ, ಮುಂದಿನ ತುರ್ತಿಗೆ ನಿಮ್ಮ ಫೋನ್ ಯಾರು ಎತ್ತುತ್ತಾರೆ? ಒಂದು ಎಚ್ಚರ: ಪ್ರತಿ ಬಿಲ್‌ನಲ್ಲೂ ಹತ್ತು ಶೇಕಡಾ ಕಡಿದೇ ಕಡಿಯುವವರಿಗೆ ಫರ್ಮ್‌ಗಳು ಆ ಹತ್ತನ್ನು ಮೊದಲೇ ಸೇರಿಸಿ ಕಳಿಸುತ್ತವೆ.

ಲೆಡೆಸ್, ಯುಟಿಬಿಎಂಎಸ್ ಕೋಡ್ ನಮಗೂ ಬೇಕೇ?

ಇವು ಅಮೆರಿಕದಲ್ಲಿ 1990ರ ದಶಕದಲ್ಲಿ ಹುಟ್ಟಿದ ಬಿಲ್ಲಿಂಗ್ ಮಾದರಿಗಳು: ಲೆಡೆಸ್ ಇ-ಬಿಲ್‌ನ ವಿನ್ಯಾಸ, ಯುಟಿಬಿಎಂಎಸ್ ಕೆಲಸದ ಹಂತಗಳ ಕೋಡ್ ಪಟ್ಟಿ. ಎಲ್100 ಎಂದರೆ ಕೇಸಿನ ಆರಂಭಿಕ ಮೌಲ್ಯಮಾಪನ, ಎಲ್200 ವಿಚಾರಣೆಗೆ ಮುಂಚಿನ ಪ್ಲೀಡಿಂಗ್ ಮತ್ತು ಅರ್ಜಿಗಳು, ಎಲ್400 ವಿಚಾರಣೆ, ಎಲ್500 ಮೇಲ್ಮನವಿ. ಬೆಂಗಳೂರಿನಲ್ಲಿ ಕೂತು ವಿದೇಶಿ ಮಾತೃಸಂಸ್ಥೆಯ ಬಿಲ್ ನೋಡುವ ತಂಡಗಳಿಗೆ ಇದು ದಿನನಿತ್ಯದ ಮಾತು. ವರ್ಷಕ್ಕೆ ಐವತ್ತು ಬಿಲ್ ಬರುವ ಕಂಪನಿಗೆ ಸಾಫ್ಟ್‌ವೇರ್ ಬೇಡ, ಕೇಸು, ಹಂತ, ಮೊತ್ತ, ಬಜೆಟ್‌ನಲ್ಲಿ ಉಳಿದದ್ದು ಎಂಬ ಕಾಲಂಗಳ ಒಂದು ಎಕ್ಸೆಲ್ ಶೀಟ್ ಸಾಕು.

ಜಿಎಸ್‌ಟಿ, ಟಿಡಿಎಸ್ ಹೇಗೆ?

ವಕೀಲರಿಂದ, ಸೀನಿಯರ್‌ಗಳಿಂದ ಅಥವಾ ವಕೀಲರ ಫರ್ಮ್‌ನಿಂದ ಕಂಪನಿ ಪಡೆಯುವ ಕಾನೂನು ಸೇವೆಗೆ ರಿವರ್ಸ್ ಚಾರ್ಜ್. ಶೇ 18ರ ಜಿಎಸ್‌ಟಿಯನ್ನು ಕಂಪನಿಯೇ ಕಟ್ಟಬೇಕು, ಅದೂ ಕ್ಯಾಶ್ ಲೆಡ್ಜರ್‌ನಿಂದ, ಅಂದರೆ ನಗದಾಗಿ. ಆಮೇಲೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು, ಅಂದರೆ ತಾನು ಕಟ್ಟಬೇಕಾದ ಬೇರೆ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳಬಹುದು. ತೆರಿಗೆರಹಿತ ಸೇವೆ ಕೊಡುವ ಆಸ್ಪತ್ರೆ, ಶಾಲೆಗಳಿಗೆ ಕ್ರೆಡಿಟ್ ಸಿಗದ ಕಾರಣ ಆ 18 ಪೂರ್ತಿ ಖರ್ಚೇ, ಬಜೆಟ್ ಮಾಡುವಾಗ ಸೇರಿಸಿಕೊಳ್ಳಿ. ವಕೀಲರಿಗೆ ಜಿಎಸ್‌ಟಿ ನೋಂದಣಿ ಇದ್ದರೆ, ಪಾವತಿಸಿದ ದಿನ ಅಥವಾ ಬಿಲ್ ದಿನಾಂಕದಿಂದ 60 ದಿನ ಕಳೆದ ಮರುದಿನ, ಯಾವುದು ಮೊದಲೋ ಅಂದು ತೆರಿಗೆ ಹೊಣೆ ಬೀಳುತ್ತದೆ; ನೋಂದಣಿ ಇಲ್ಲದಿದ್ದರೆ ಪಾವತಿಸಿದ ದಿನ ಅಥವಾ ಕಂಪನಿಯೇ ಬರೆದುಕೊಳ್ಳುವ ಇನ್‌ವಾಯ್ಸ್‌ನ ದಿನ, ಯಾವುದು ಮೊದಲೋ ಅಂದು. ಟೇಬಲ್ ಮೇಲೆ ಮಲಗಿಸಿದ ಬಿಲ್‌ಗೆ ಬಡ್ಡಿ ಬರುವುದು ಇಲ್ಲೇ. ವಕೀಲರ ಬಿಲ್‌ನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ವಾಪಸ್ ಕಳಿಸಿ ಸರಿಪಡಿಸಿ.

ಟಿಡಿಎಸ್ ಶೇ 10. ಹಳೆಯ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 194ಜೆ ಕಲಮು, 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆಯ 393ನೇ ಕಲಮಿನಡಿ ಬರುತ್ತದೆ. ವರ್ಷದ ಮಿತಿ 2025ರ ಏಪ್ರಿಲ್‌ನಿಂದ 50,000 ರೂಪಾಯಿ. ಫರ್ಮ್ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿಯ ಮೈಕ್ರೋ ಅಥವಾ ಸ್ಮಾಲ್ ಘಟಕವೇ ಎಂದು ಕೇಳಿ ಫೈಲಿಗೆ ಹಾಕಿಡಿ. ಹೌದಾದರೆ 45 ದಿನದೊಳಗಿನ ಪಾವತಿಯ ಪ್ರಶ್ನೆ ಏಳುತ್ತದೆ, ಫೈನಾನ್ಸ್ ವಿಭಾಗಕ್ಕೆ ಮೊದಲೇ ತಿಳಿಸಿ.

ಒಪ್ಪಿದ ಬಜೆಟ್ ಯಾಕೆ ಪ್ರತಿ ಸಲ ಮೀರುತ್ತದೆ?

ಬಹುಪಾಲು ನಮ್ಮ ಕಡೆಯಿಂದಲೇ. ದಾಖಲೆಗಳು ಕಂತು ಕಂತಾಗಿ ಹೋಗುತ್ತವೆ, ಪ್ರತಿ ಕಂತಿಗೂ ಕರಡು ಬದಲಾಗುತ್ತದೆ. ಸೇಲ್ಸ್‌ನವರು ಒಂದು ಸೂಚನೆ, ಫೈನಾನ್ಸ್‌ನವರು ಇನ್ನೊಂದು ಕೊಡುತ್ತಾರೆ. ಅಫಿಡವಿಟ್‌ಗೆ ಸಹಿ ಹಾಕಬೇಕಾದವರು ಪ್ರವಾಸದಲ್ಲಿರುತ್ತಾರೆ, ಬೋರ್ಡ್ ಅಧಿಕಾರಪತ್ರ ಹಳೆಯ ನಿರ್ದೇಶಕರ ಹೆಸರಿನಲ್ಲಿರುತ್ತದೆ. ಕೊನೆಯ ರಾತ್ರಿ ಮೂವರು ಕೂತು ಮಾಡಿದ ಕೆಲಸದ ಬಿಲ್ ಬರುತ್ತದೆ.

ಇದಕ್ಕೆ ಮದ್ದು ಕೇಸನ್ನು ವಕೀಲರಿಗೆ ಒಪ್ಪಿಸುವ ದಿನವೇ ಇದೆ. ಎರಡು ಪುಟದ ಘಟನಾವಳಿ ತಾರೀಖಿನ ಕ್ರಮದಲ್ಲಿ, ಪ್ರತಿ ಸಾಲಿನ ಎದುರು ದಾಖಲೆಯ ಸಂಖ್ಯೆ. ಸ್ಕ್ಯಾನ್ ಪ್ರತಿಗಳು ಅದೇ ಸಂಖ್ಯೆಯಲ್ಲಿ. ನಮಗೆ ಬೇಕಾದದ್ದು ಏನು, ಎಷ್ಟಕ್ಕೆ ರಾಜಿಗೆ ಸಿದ್ಧ ಎಂಬ ಒಂದು ಪ್ಯಾರಾ. ಸೂಚನೆ ಕೊಡುವವರು ಒಬ್ಬರೇ. ಕನ್ನಡದ ಪಹಣಿ, ಪಂಚಾಯಿತಿ ದಾಖಲೆ ಇದ್ದು ಕೇಸು ದೆಹಲಿಗೆ ಹೋಗುವುದಿದ್ದರೆ ಅನುವಾದವನ್ನು ಈಗಲೇ ಶುರುಮಾಡಿಸಿ, ಕೊನೆಯ ವಾರದಲ್ಲಿ ಮಾಡಿಸಿದ ಅನುವಾದಕ್ಕೆ ದುಪ್ಪಟ್ಟು ಹಣವೂ ಹೋಗುತ್ತದೆ, ತಪ್ಪೂ ಉಳಿಯುತ್ತದೆ.

ಗಡುವುಗಳನ್ನು ಫರ್ಮ್‌ನ ಡೈರಿಗೆ ಬಿಟ್ಟು ಕೂರಬೇಡಿ, ನಿಮ್ಮಲ್ಲೂ ಒಂದು ಪಟ್ಟಿ ಇರಲಿ. ವಾಣಿಜ್ಯ ದಾವೆಯಲ್ಲಿ ಸಮನ್ಸ್ ಜಾರಿಯಾದ 120 ದಿನದೊಳಗೆ ಪ್ರತಿವಾದಿಯ ಲಿಖಿತ ಹೇಳಿಕೆ ಹೋಗಲೇಬೇಕು, ಆಮೇಲೆ ಬಾಗಿಲು ಮುಚ್ಚಿತು. ಗ್ರಾಹಕ ಆಯೋಗದಲ್ಲಿ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನೂ 15. ಚೆಕ್ ವಾಪಸಾದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್. ಮಧ್ಯಸ್ಥಿಕೆ (ಆರ್ಬಿಟ್ರೇಷನ್) ತೀರ್ಪನ್ನು ಪ್ರಶ್ನಿಸಲು ಮೂರು ತಿಂಗಳು, ಕಾರಣ ತೋರಿಸಿದರೆ 30 ದಿನ ಹೆಚ್ಚು, ಅಷ್ಟೇ.

ಮಾರ್ಚ್ ಬಂದರೆ ಆಡಿಟರ್‌ಗಳು ವಕೀಲರ ಪತ್ರ ಕೇಳುತ್ತಾರೆ. ಅದಕ್ಕೂ ಫೀಯೇ?

ಲೆಟರ್‌ನಲ್ಲಿ ಮೊದಲೇ ಉಚಿತ ಎಂದು ಬರೆಸಿಕೊಂಡಿದ್ದರೆ ಇಲ್ಲ. ಲೆಕ್ಕಪರಿಶೋಧನೆಯ ಮಾನದಂಡ ಎಸ್‌ಎ 501ರಲ್ಲಿ ವ್ಯಾಜ್ಯಗಳ ಬಗ್ಗೆ ಹೊರಗಿನ ವಕೀಲರಿಂದ ನೇರ ದೃಢೀಕರಣ ಪಡೆಯುವ ಪ್ರಸ್ತಾಪವಿದೆ. ಫೆಬ್ರವರಿ ಮಧ್ಯದಲ್ಲೇ ಕೇಸುಗಳ ಪಟ್ಟಿ ಕಳಿಸಿ. ಬಿಲ್ ಬಾರದ ಕೆಲಸದ ಅಂದಾಜನ್ನೂ ಅದೇ ಪತ್ರದಲ್ಲಿ ಕೇಳಿ, ಇಲ್ಲದಿದ್ದರೆ ಜನವರಿಯ ಕೆಲಸದ ಬಿಲ್ ಜೂನ್‌ನಲ್ಲಿ ಬಂದು ಹೊಸ ವರ್ಷದ ಬಜೆಟ್ ತಿನ್ನುತ್ತದೆ.

ವಕೀಲರನ್ನು ಬದಲಿಸಬೇಕು. ಫೈಲ್ ಕೊಡುತ್ತಿಲ್ಲ, ಎನ್‌ಒಸಿ ಕೊಡುತ್ತಿಲ್ಲ. ಏನು ಮಾಡುವುದು?

ಫೀ ಬಾಕಿ ಇದೆ ಎಂದು ಕಕ್ಷಿದಾರರ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಫೀ ವಸೂಲಿಗೆ ಅವರಿಗೆ ಬೇರೆ ದಾರಿ ಇದೆ. ಎನ್‌ಒಸಿ, ಅಂದರೆ ಹಳೆಯ ವಕೀಲರ ನಿರಾಕ್ಷೇಪಣಾ ಪತ್ರ, ಸಿಗದಿದ್ದರೆ ಹೊಸ ವಕೀಲರು ಕಾರಣ ತಿಳಿಸಿ ಕೋರ್ಟಿನ ಅನುಮತಿ ಕೇಳಬಹುದು. ಆದರೂ ಒಪ್ಪಿಕೊಂಡ ಬಾಕಿ ತೀರಿಸಿ ಸೌಜನ್ಯದಿಂದ ಬೀಳ್ಕೊಡುವುದೇ ಅಗ್ಗ. ಎಲ್ಲ ಫೈಲಿಂಗ್‌ಗಳ ಸ್ಕ್ಯಾನ್ ಪ್ರತಿ ಮೊದಲಿನಿಂದಲೂ ನಿಮ್ಮ ಸರ್ವರ್‌ನಲ್ಲಿದ್ದರೆ ಈ ಪ್ರಶ್ನೆಯೇ ಅರ್ಧ ಬಗೆಹರಿದಂತೆ. ಬದಲಾವಣೆ ಮಾಡುವುದಿದ್ದರೆ ಸಾಕ್ಷಿ ವಿಚಾರಣೆಯ ಮಧ್ಯೆ ಬೇಡ. ಹೊಸಬರು ಇಡೀ ಕೇಸು ಓದುವ ಫೀಯನ್ನು ನೀವು ಎರಡನೇ ಸಲ ಕಟ್ಟುತ್ತೀರಿ.

ಗೆದ್ದರೆ ನಮ್ಮ ವಕೀಲರ ಫೀಯನ್ನು ಎದುರಾಳಿಯಿಂದ ವಸೂಲು ಮಾಡಬಹುದೇ?

ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ 2015 ಬಂದ ಮೇಲೆ ವಾಣಿಜ್ಯ ವ್ಯಾಜ್ಯಗಳಲ್ಲಿ ಸೋತವರು ಖರ್ಚು ಕೊಡಬೇಕು ಎಂಬುದೇ ಸಾಮಾನ್ಯ ನಿಯಮ, ಕಾನೂನು ಫೀಯೂ ಅದರಲ್ಲಿ ಸೇರುತ್ತದೆ. ಮಧ್ಯಸ್ಥಿಕೆಯಲ್ಲಿ ಆ ಕಾಯ್ದೆಯ 31ಎ ಕಲಮು ಇಂಥದ್ದೇ. ಏನೇ ಆದರೂ ಖರ್ಚು ಇಂಥವರೇ ಕೊಡಬೇಕು ಎಂದು ಒಪ್ಪಂದದಲ್ಲೇ ಬರೆದುಕೊಂಡಿದ್ದರೆ ಅದು ನಡೆಯದು, ವಿವಾದ ಎದ್ದ ಮೇಲೆ ಒಪ್ಪಿದ್ದರೆ ಮಾತ್ರ ಸಿಂಧು. ರೂಢಿಯಲ್ಲಿ ಪೂರ್ತಿ ಮೊತ್ತ ಸಿಗುವುದು ಅಪರೂಪ. ಸಿಗುವಷ್ಟಾದರೂ ಸಿಗಬೇಕಾದರೆ ಅಂತಿಮ ವಾದದ ಹೊತ್ತಿಗೆ ಖರ್ಚಿನ ಮೆಮೊ ಸಿದ್ಧವಿರಬೇಕು: ಹಂತವಾರು ಬಿಲ್‌ಗಳು, ಪಾವತಿಯ ಬ್ಯಾಂಕ್ ದಾಖಲೆ, ಕೋರ್ಟ್ ಫೀ ರಸೀದಿ, ಸಾಕ್ಷಿಗಳ ಪ್ರಯಾಣದ ಟಿಕೆಟ್. "ವೃತ್ತಿಪರ ಸೇವೆಗಾಗಿ" ಎಂಬ ಒಂದೇ ಸಾಲಿನ, ಕೇಸ್ ನಂಬರ್ ಕೂಡ ಇಲ್ಲದ ಬಿಲ್ ಇಟ್ಟು ಹತ್ತು ಲಕ್ಷ ಕೇಳಿದರೆ ಯಾವ ನ್ಯಾಯಾಧೀಶರೂ ಕೊಡುವುದಿಲ್ಲ.